ತಕರಾರು ಅರ್ಜಿ

ಪುರಸಭೆಯ ದುಂದುವೆಚ್ಚದ ವಿರುದ್ಧ ಹೋರಾಡುತ್ತಿದ್ದ ಗದಿಗೆಯ್ಯ ಮಾಸ್ತರರು ತಕರಾರು ಅರ್ಜಿ ಕೊಟ್ಟು, ಒಳಚರಂಡಿ ಶುಚಿಗೊಳಿಸುವ ಯಂತ್ರದ ಖರೀದಿಯನ್ನು ನಿಲ್ಲಿಸಿದ್ದರು. ಮೂರೇ ತಿಂಗಳಲ್ಲಿ, ಚರಂಡಿಯ ಗುಂಡಿಗೆ ಇಳಿದ ಪೌರಕಾರ್ಮಿಕ ಯಮನೂರಪ್ಪ ಉಸಿರುಗಟ್ಟಿ ಸತ್ತ. ಅಂದಿನಿಂದ ಮಾಸ್ತರರು ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಸಾವಿನ ವಿಚಾರಣೆ ಮುಗಿದ ದಿನ ಪುರಸಭೆಯ ಇಂಜಿನಿಯರ್ ಬೆಳ್ಳುಬ್ಬಿ ಮಾಸ್ತರರ ಮನೆಗೆ ಬಂದರು.

"ಬೈಯ್ರಿ ಸಾಹೇಬ್ರ, ತಪ್ಪು ನಂದ," ಎಂದರು ಮಾಸ್ತರರು, ತಲೆ ಎತ್ತದೆ.

"ಬೈಯಾಕ ಬಂದಿಲ್ರಿ. ನಿಮ್ಮ ಅರ್ಜಿ ತೋರಿಸಿದೆ, ನನ್ನ ನೌಕರಿ ಉಳೀತು."



ಬೆಳ್ಳುಬ್ಬಿ ಟೈಪ್ ಮಾಡಿದ ಹಾಳೆಯೊಂದನ್ನು ಅವರ ಮುಂದಿಟ್ಟರು.

"ಸಾಲಿ ಮಗ್ಗಲದ ನೀರಿನ ಟಾಕಿ ಬಿರುಕು ಬಿಟ್ಟೈತ್ರಿ. ರಿಪೇರಿ ಸದ್ಯಕ್ಕ ಆಗೂದಿಲ್ಲ. ಅದಕ್ಕೂ ನಿಮ್ದೊಂದು ತಕರಾರು ಇರ್ಲಿ, ಇಲ್ಲಿ ಸಹಿ ಹಾಕ್ರಿ."