ತಪ್ಪುಕಾಣಿಕೆ

ಕುಸಿದ ಬಂಡೆಗಳ ಆಚೆಯಿಂದ ಟಕ್, ಟಕ್, ಟಕ್ ಎಂದು ಮೂರು ಸಲ ಕೇಳಿಸಿತು. ಜೇಬಸ್ ಎತ್ತಿದ ಪಿಕಾಸಿ ಅಲ್ಲೇ ನಿಂತಿತು.

“ಎಲ್ಲಾ ಕೆಳಗಿಟ್ಟು ಮೇಲೆ ನಡೀರಿ,” ಎಂದರು ಮೇಸ್ತ್ರಿ ಪೆನ್‌ರೋಸ್, ದನಿ ತಗ್ಗಿಸಿ. “ಕುಳ್ಳರು ಕುಟ್ತಿದ್ದಾರೆ. ಸೂರು ಇನ್ನೊಂದ್ಸಲ ಬೀಳುತ್ತೆ.”

“ಡಿಗರಿ ಮಾಮ ಇರಬಹುದಲ್ಲ?” ಎಂದ ಜೇಬಸ್.

“ನಿನ್ನೆ ಬೆಳಿಗ್ಗೆ ಸಿಕ್ಕಿಕೊಂಡವನು. ಬದುಕಿದ್ರೆ ಕೂಗ್ತಿರಲಿಲ್ವಾ? ಇನ್ನೂ ನಾಲ್ಕು ಜನರನ್ನ ಕಳ್ಕೊಳ್ಳಕ್ಕೆ ನಾನು ತಯಾರಿಲ್ಲ, ಮಗಾ.”

ಮೇಸ್ತ್ರಿಯನ್ನು ದೂರುವಂತಿರಲಿಲ್ಲ. ಕುಳ್ಳರೆಂಬ ಗಣಿಭೂತಗಳು ಕುಟ್ಟಿ ಕೊಡುವ ಎಚ್ಚರಿಕೆ ಮೀರಿ ಅಗೆದವರ ಹೆಂಡಿರು ವಿಧವೆಯರಾಗಿ ಕಪ್ಪು ಉಟ್ಟದ್ದನ್ನು ಅವರು ತವರುನಾಡು ಕಾರ್ನ್‌ವಾಲಿನಲ್ಲೇ ಕಂಡಿದ್ದರು. ತಾವೆಲ್ಲ ಹಡಗು ಹತ್ತಿ ಆಸ್ಟ್ರೇಲಿಯಾದ ಈ ತಾಮ್ರದ ಗಣಿಗೆ ಬಂದಾಗ, ನೆಲದೊಳಗಿನ ಆ ಕುಳ್ಳರೂ ಪೆಟ್ಟಿಗೆಯಲ್ಲಿ ಕೂತು ಬಂದರು ಎಂದು ಡಿಗರಿಯೇ ಹೇಳುತ್ತಿದ್ದ. ಊಟಕ್ಕೆ ಕೂತರೆ ಮಾಂಸದ ಕಡುಬಿನ ತುದಿ ಮುರಿದು, ಅವರಿಗೆಂದು ಬಂಡೆಯ ಮೇಲಿಟ್ಟೇ ತಾನು ತಿನ್ನುವವನು. ಜೊತೆಗಾರ ಜೇಬಸ್ ಮರೆತು ಶಿಳ್ಳೆ ಹಾಕಿದರೆ ತಲೆಗೊಂದು ಮೊಟಕು. “ಶಿಳ್ಳೆ ಕೇಳಿದ್ರೆ ಅವರಿಗೆ ಮೈಯೆಲ್ಲ ಉರಿಯುತ್ತೆ ಕಣೋ. ಕುಟ್ಟೋದು ಬಿಟ್ಟು ಸೂರು ಕೆಡವ್ತಾರೆ. ಅವರ ಬಾಯಲ್ಲಂತೂ ಶಿಳ್ಳೆ ಹುಟ್ಟೋದೇ ಇಲ್ಲ.”

ಜೇಬಸ್ ತುಟಿ ಒದ್ದೆ ಮಾಡಿಕೊಂಡ.

“ಬೇಡ,” ಎಂದರು ಮೇಸ್ತ್ರಿ. ಅಷ್ಟರಲ್ಲಿ ಅವನು ತನ್ನ ಎಂದಿನ ಹಾಡಿನ ಅರ್ಧ ಸಾಲು ಶಿಳ್ಳೆ ಹಾಕಿ ಆಗಿತ್ತು.

ಕುಟ್ಟುವುದು ನಿಂತಿತು. ತಲೆಯ ಮೇಲಿಂದ ಸಣ್ಣ ಕಲ್ಲುಗಳು ಉದುರಿದವು. ಟೋಪಿಗಳ ಮೇಲಿನ ಮೇಣದಬತ್ತಿಯ ಕುಡಿಗಳು ಅಲುಗಿದವು.

ಆಮೇಲೆ ಬಂಡೆಗಳ ಸಂದಿಯಿಂದ ಉಳಿದರ್ಧ ಸಾಲು ಬಂತು. ಸಣ್ಣಗೆ, ಶ್ರುತಿ ತಪ್ಪಿ. ಗಣಿಗಿಳಿದು ನಲವತ್ತು ವರ್ಷ ಒಮ್ಮೆಯೂ ಶಿಳ್ಳೆ ಹಾಕದವನ ಶಿಳ್ಳೆ.

ಮೇಸ್ತ್ರಿ ಕೋಟು ಬಿಚ್ಚಿ ಮೊದಲ ಪಿಕಾಸಿ ತಾವೇ ಎತ್ತಿದರು.

ಸಂಜೆಯ ಹೊತ್ತಿಗೆ ಡಿಗರಿಯನ್ನು ಹೊರಗೆಳೆದರು. ದೂಳು ಕುಡಿದ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಮೇಸ್ತ್ರಿ ಬೆಳಗಿನಿಂದ ತಾವು ಮುಟ್ಟದೆ ಇಟ್ಟಿದ್ದ ಕಡುಬನ್ನು ಅವನ ಕೈಗಿಟ್ಟು ಮುಖ ಆಚೆ ತಿರುಗಿಸಿದರು. ಎರಡು ದಿನದ ಹಸಿವು. ಆದರೂ ಡಿಗರಿ ಕಡುಬಿನ ತುದಿ ಮುರಿದು ಬಂಡೆಯ ಮೇಲಿಟ್ಟ. ತಿರುಗಿಸಿ, ಇನ್ನೊಂದು ತುದಿಯನ್ನೂ ಮುರಿದು ಪಕ್ಕದಲ್ಲಿಟ್ಟ.

ಜೇಬಸ್‌ನ ಕಿವಿ ಹಿಡಿದು ಹತ್ತಿರ ಎಳೆದುಕೊಂಡು ಪಿಸುಗುಟ್ಟಿದ:

“ಅದು ನಿನ್ನ ತಪ್ಪಿಗೆ. ಇದು ನನ್ನದಕ್ಕೆ.”