ಒಣ ತೂಕ

ವಿರೂಪಾಕ್ಷಪ್ಪನ ಬಿಪಿ ಇನ್ನೂರ ಹತ್ತು ತೋರಿಸಿತು. ಸಿಸ್ಟರ್ ಪುಷ್ಪಾ ನಂಬದೆ ತೋಳಿನ ಪಟ್ಟಿ ಬಿಚ್ಚಿ ಮತ್ತೆ ಸುತ್ತಿದಳು. ಯಂತ್ರ ಉಬ್ಬಿ, ಉಸಿರುಬಿಟ್ಟು, ಇನ್ನೂರ ಹನ್ನೆರಡು ಎಂದಿತು. ಆ ಒತ್ತಡದ ಮೇಲೆ ಯಾರ ಒತ್ತಡವೂ ನಡೆಯುತ್ತಿರಲಿಲ್ಲ.

“ಸಾವ್ಕಾರ್ರೇ, ಐದು ಥರದ ಮಾತ್ರೆ ಕೊಟ್ಟೈತೆ. ನಿಜ ಹೇಳ್ರಿ, ನೀವು ನುಂಗ್ತೀರೋ, ದನಕ್ಕೆ ಹಾಕ್ತೀರೋ?”

“ನಾನೇ ನುಂಗ್ತೀನಿ ಕಣಮ್ಮ. ರುದ್ರಾಣಿ ಬಾಯಿ ತೆಗೆಸಿ ನೋಡ್ತಾಳೆ, ದನದ ಸಂತೇಲಿ ಹಲ್ಲು ನೋಡ್ದಂಗೆ.” ಆಮೇಲೆ ಇಲ್ಲದ ಕನ್ನಡಕವನ್ನು ಮೂಗಿಗೇರಿಸಿ, ಮೂಗಿನಲ್ಲೇ ಮಾತಾಡುತ್ತ ದಾವಣಗೆರೆ ಡಾಕ್ಟರಾದ: “ಮಿಸ್ಟರ್ ವಿರೂಪಾಕ್ಷಪ್ಪ, ನಿಮ್ಮ ಬಿಪಿ ಹತೋಟಿಗೆ ಬರೋವರೆಗೆ ಕಿಡ್ನಿ ಜೋಡಿಸೋ ಪ್ರಶ್ನೆಯೇ ಇಲ್ಲ. ಅಮ್ಮಾ, ಕಿಡ್ನಿ ಕೊಡೋ ನೀವೂ ಅಷ್ಟೇ. ಐದಾರು ಕೆಜಿ ಇಳಿಸ್ಕೊಂಡು ಬನ್ನಿ.” ಡಯಾಲಿಸಿಸ್ ಮಂಚಗಳಲ್ಲಿ ಮಲಗಿದ್ದವರು ನಕ್ಕರು. ಒಬ್ಬಾಕೆ ನಕ್ಕ ರಭಸಕ್ಕೆ ಆಕೆಯ ಯಂತ್ರ ಕುಂಯ್‌ಗುಟ್ಟಿತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ರುದ್ರಾಣಿ ನಗಲಿಲ್ಲ. ಕಿಡ್ನಿ ಕೊಡುವವಳು ಅವಳೇ. ಈ ಸುದ್ದಿಯನ್ನು ಅವಳು ಸಂತೇಬೆನ್ನೂರಿನಲ್ಲಿ ಮನೆಮನೆಗೂ ಹೇಳಿಯಾಗಿತ್ತು. ಪ್ರತಿ ಸಲವೂ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದವಳು, ಬಿಪಿ ಯಾಕೆ ಇಳಿಯುವುದಿಲ್ಲವೆಂದು ಕಣ್ಣಾರೆ ನೋಡಲು ಅಂದು ಒಳಗೆ ಬಂದಿದ್ದಳು.

“ಬರ್ರಿ, ತೂಕಕ್ಕೆ,” ಎಂದಳು ಪುಷ್ಪಾ. ತಕ್ಕಡಿ ಕಿಟಕಿಯ ಪಕ್ಕದಲ್ಲಿತ್ತು. ಅಲ್ಲಿನ ಲೆಕ್ಕ ಸರಳ. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗ ಇರಬೇಕಾದದ್ದು ಒಣ ತೂಕ. ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ಯಂತ್ರ ಎಳೆದು ಹಾಕುತ್ತದೆ. ನೀರು ಮೈಯಲ್ಲೇ ಉಳಿದರೆ ಬಿಪಿ ಏರುತ್ತದೆ.

ವಿರೂಪಾಕ್ಷಪ್ಪ ತಕ್ಕಡಿ ಹತ್ತಿ, “ನಿಮ್ಮೂರ ಕಡೆ ಮಳೆ ಹೆಂಗೈತೆ ಪುಷ್ಪಾ? ನಿಮ್ಮಮ್ಮನ ಮಂಡಿನೋವು ಹೆಂಗೈತೆ?” ಎಂದು ವಿಚಾರಿಸಿಕೊಂಡ.

“ಒಂದೇ ಕೆಜಿ ಜಾಸ್ತಿ,” ಎಂದಳು ಪುಷ್ಪಾ ಅಚ್ಚರಿಯಿಂದ. “ನೀರೂ ಜಾಸ್ತಿ ಇಲ್ಲ, ಮಾತ್ರೇನೂ ತಪ್ಸಲ್ಲ. ಬಿಪಿ ಎಲ್ಲಿಂದ ಬರ್ತೈತೋ!”

ರುದ್ರಾಣಿ ಅಂಕಿಯನ್ನು ನೋಡುತ್ತಿರಲಿಲ್ಲ. ಗಂಡನ ಮೆಕ್ಕೆಜೋಳದ ಅಂಗಡಿಯಲ್ಲಿ ಬಹಳ ವರ್ಷ ಕೂತವಳು ಅವಳು. ರೈತನ ಚೀಲ ತಕ್ಕಡಿಗೇರಿದಾಗಲೆಲ್ಲ ವಿರೂಪಾಕ್ಷಪ್ಪ ಅವನ ಮನೆಮಂದಿಯ ಯೋಗಕ್ಷೇಮ ವಿಚಾರಿಸುತ್ತಿದ್ದ. ಚೀಲದ ಅಂಚಿಗೆ ಅವನ ಮೊಣಕಾಲು ಆನಿಕೊಂಡಿರುತ್ತಿತ್ತು. ಮಾತು ಸಿಹಿಯಾದಷ್ಟೂ ಚೀಲ ಹಗುರಾಗುತ್ತಿತ್ತು. ಈಗ ಅವನ ಬಲಗೈ ಕಿಟಕಿಯ ಕಂಬಿಯ ಮೇಲಿತ್ತು.

“ರೀ, ಎರಡೂ ಕೈ ಮೇಲೆತ್ರಿ.”

“ಯಾಕೆ?”

“ಎತ್ರಿ ಅಂದೆ.”

ಪೊಲೀಸರಿಗೆ ಸಿಕ್ಕವನಂತೆ ಅವನು ಕೈ ಎತ್ತಿದ. ಅಂಕಿ ಓಡಿ ಓಡಿ, ಒಣ ತೂಕಕ್ಕಿಂತ ಐದು ಕೆಜಿ ಮೇಲೆ ಹೋಗಿ ನಿಂತಿತು.

“ಅಯ್ಯೋ ಶಿವನೇ!” ಎಂದು ಪುಷ್ಪಾ ಡಾಕ್ಟರನ್ನು ಕರೆಯಲು ಓಡಿದಳು.

“ನೀರು ಜಾಸ್ತಿ ಎಳೆದ್ರೆ ಮೀನಖಂಡ ಹಿಡ್ಕಂತೈತೆ ಕಣೇ,” ಎಂದ ವಿರೂಪಾಕ್ಷಪ್ಪ, ಕೈ ಇಳಿಸದೆ.

“ಸುಳ್ಳು. ಲಾಭ ಇಲ್ದೆ ನೀವು ಮೊಣಕಾಲು ಕೊಟ್ಟೋರಲ್ಲ. ಇದ್ರಾಗೆ ನಿಮಗೇನು ಗಿಟ್ತೈತೆ?”

ಅವನು ಮಂಚದಲ್ಲಿ ಮಲಗಿ, ತೋಳಿಗೆ ಸೂಜಿ ಚುಚ್ಚಿಸಿಕೊಂಡ. ಆಮೇಲೆ ಫ್ಯಾನಿಗೆ ಹೇಳುವಂತೆ ಹೇಳಿದ: “ಬಿಪಿ ಇಳಿದ್ರೆ ನಿನ್ನ ಹೊಟ್ಟೆ ಕುಯ್ತಾರೆ. ಇರೋ ಎರಡ್ರಾಗೆ ಒಂದು ನನಗೆ ಕೊಟ್ಟು, ನಾಳೆ ಇನ್ನೊಂದು ಕೆಟ್ರೆ ನೀನು ಈ ಮಂಚಕ್ಕೆ ಬರ್ತೀಯ. ಆಗ ನಾನು ಯಾರ್ನ ಕೇಳಾಕೆ ಹೋಗ್ಲಿ?”

“ಅದಕ್ಕೆ ತಲೆ ನರ ಒಡ್ಕಂಡು ಸಾಯಾಕೆ ಕುಂತೀರಾ?”

“ಸಾಯಲ್ಲ ಬಿಡು. ಮಾತ್ರೆ ತಗಂತಿದೀನಲ್ಲ.”

ರುದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗಿನಿಂದ ಅವನ ಹಣೆಯನ್ನೂ ಒರೆಸಿದಳು. “ಮಾಲು ನಂದು. ಕೊಡೋದು ಬಿಡೋದು ನನಗೆ ಬಿಟ್ಟಿದ್ದು. ಇನ್ಮೇಲೆ ತೂಕಕ್ಕೆ ನಾನೇ ನಿಲ್ತೀನಿ.”

ನಿಂತಳು. ವಿರೂಪಾಕ್ಷಪ್ಪ ಪ್ರತಿ ಸಲವೂ ಕೈ ಎತ್ತಿಕೊಂಡೇ ತಕ್ಕಡಿ ಹತ್ತಿದ. ಉಳಿದ ರೋಗಿಗಳು ಅವನನ್ನು ಕಂಡಾಗ ನಮಸ್ಕಾರದ ಬದಲು ಬಿಡುವಾಗಿದ್ದ ಒಂದು ಕೈಯನ್ನು ಎತ್ತತೊಡಗಿದರು. ಇನ್ನೊಂದರಲ್ಲಿ ಸೂಜಿ ಇರುತ್ತಿತ್ತು. ಡಾಕ್ಟರು ನೀರನ್ನು ಸ್ವಲ್ಪಸ್ವಲ್ಪವಾಗಿ ತೆಗೆಸಿದರು. ಮುಖದ ಬಾವು ಇಳಿಯಿತು. ಒಂದು ಮಾತ್ರೆ ನಿಂತಿತು, ಆಮೇಲೆ ಇನ್ನೊಂದು. ತಿಂಗಳು ಕಳೆಯುವುದರೊಳಗೆ ಬಿಪಿ ನೂರ ನಲವತ್ತಕ್ಕೆ ಬಂದು ಕೂತಿತು. ಪುಷ್ಪಾ ಚಪ್ಪಾಳೆ ತಟ್ಟಿದಳು. ವಿರೂಪಾಕ್ಷಪ್ಪ ಮಾತ್ರ ಮೆಕ್ಕೆಜೋಳದ ರೇಟು ಬಿದ್ದವನಂತೆ ಕೂತಿದ್ದ.

“ಹಂಗಾದ್ರೆ ನಾಳೆ ದಾವಣಗೆರೆಗೆ ಹೋಗಾನ,” ಎಂದಳು ರುದ್ರಾಣಿ.

“ನಾನೇನೋ ಇಳಿಸ್ದೆ. ನೀನು ಇಳಿಸಿದೀಯಾ? ಹತ್ತು, ನೋಡಾನ.”

ಅವಳು ಚಪ್ಪಲಿ ಬಿಟ್ಟಳು. ಕೈಚೀಲವನ್ನು ಗಂಡನ ತೊಡೆಯ ಮೇಲಿಟ್ಟಳು. ತಕ್ಕಡಿ ಹತ್ತಿ, ಸೆರಗು ಸರಿಮಾಡಿಕೊಂಡು, “ಪುಷ್ಪಾ, ನಿಮ್ಮಮ್ಮನ ಮಂಡಿನೋವು ಹೆಂಗೈತೆ ತಾಯಿ?” ಎಂದು ಕೇಳಿದಳು.

“ವಾಸಿ ಆಂಟಿ. ಅರೆ, ದಾವಣಗೆರೆ ಚೀಟೀಲಿರೋದಕ್ಕಿಂತ ಪೂರಾ ಆರು ಕೆಜಿ ಇಳಿದೀರಲ್ರೀ!”

ವಿರೂಪಾಕ್ಷಪ್ಪ ಅಂಕಿಯನ್ನು ನೋಡಲಿಲ್ಲ. ಕಿಟಕಿಯ ಕಂಬಿಯ ಮೇಲೆ ರುದ್ರಾಣಿಯ ಸೆರಗು ಹರಡಿಕೊಂಡಿತ್ತು. ಅದರಡಿಯಿಂದ ಎರಡು ಹಸಿರು ಗಾಜಿನ ಬಳೆ ಇಣುಕುತ್ತಿದ್ದವು.