ಬರಿಹೊಟ್ಟೆಯ ತಪಾಸಣೆ

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೇ?” ಎಂದು ಮೂರನೆಯವರೂ ಕೇಳಿದಾಗ ಅಮ್ಮನ ಸಂಶಯ ಗಟ್ಟಿಯಾಯಿತು. ಮೊದಲು ಮುಂಬಾಗಿಲ ಮೇಜಿನ ಹುಡುಗಿ ಕೇಳಿದ್ದಳು, ಆಮೇಲೆ ನರ್ಸ್, ಈಗ ಮಂಪರಿನ ಇಂಜೆಕ್ಷನ್ ಕೊಡುವ ಡಾಕ್ಟರು. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂದು ಇವರು ಈಗಲೇ ನೋಡಿಟ್ಟುಕೊಳ್ಳುತ್ತಿದ್ದಾರೆ, ಬೇರೇನಲ್ಲ.

“ಇಲ್ಲ,” ಎಂದಳು ಅಮ್ಮ, ಕುರ್ಚಿಯಲ್ಲಿ ಒರಗಿದ್ದ ಮಗಳು ಬಾಯಿ ತೆರೆಯುವ ಮೊದಲೇ. “ರಾತ್ರಿಯೇ ಅಡುಗೆಮನೆಗೆ ಬೀಗ ಜಡಿದಿದೀನಿ. ಬೇಕಾದ್ರೆ ನೋಡಿ.” ಪರ್ಸಿನಿಂದ ಬೀಗದಕೈ ತೆಗೆದು ತೋರಿಸಿಯೂಬಿಟ್ಟಳು.

ಅಮ್ಮ ಸಿದ್ಧ ಉಡುಪಿನ ಕಾರ್ಖಾನೆಯ ಗೇಟಿನಲ್ಲಿ ಚೀಲ ತಪಾಸಣೆ ಮಾಡುವವಳು. ಪಾಳಿ ಮುಗಿಸಿ ಬರುವ ಹೆಂಗಸರು ಅವಳನ್ನು ಕಂಡ ಕೂಡಲೇ ತಾವಾಗಿಯೇ ಜಿಪ್ ಎಳೆದು ಚೀಲ ತೆರೆದು ಹಿಡಿಯುತ್ತಾರೆ. ಊಟದ ಡಬ್ಬಿಯ ತಳದಲ್ಲಿ ದಾರದ ಉಂಡೆ ಅಡಗಿಸಿದರೂ ಅವಳ ಕಣ್ಣಿಗೆ ಬೀಳುತ್ತದೆ. ಇವತ್ತು ಆ ಕಣ್ಣು ಹಲ್ಲಿನ ಆಸ್ಪತ್ರೆಯ ಮೇಲೆ ಬಿದ್ದಿತ್ತು. ಇಂಜೆಕ್ಷನ್ ಬಾಟಲಿಯ ಮೇಲಿನ ತಾರೀಖನ್ನು ನರ್ಸಿನಿಂದ ಗಟ್ಟಿಯಾಗಿ ಓದಿಸಿದ್ದಳು. ಮೂಲೆಯ ಆಕ್ಸಿಜನ್ ಸಿಲಿಂಡರಿನ ಮೇಲೆ ಬೆರಳೆಳೆದು ಧೂಳು ತೋರಿಸಿದ್ದಳು. ನರ್ಸ್ ತಿರುಪು ತಿರುಗಿಸಿ ಬುಸ್ ಎನಿಸಿ ತೋರಿಸಿದರೂ, ಸದ್ದು ಇನ್ನೂ ಸ್ವಲ್ಪ ಜೋರಾಗಿರಬೇಕಿತ್ತು ಎಂದೇ ಅವಳಿಗೆ ಅನ್ನಿಸಿತು.

ನಿಜ ಹೇಳಬೇಕೆಂದರೆ ಅವಳಿಗೆ ಹೆದರಿಕೆ. ಒಂದು ಬುದ್ಧಿಹಲ್ಲು ಕೀಳಲು ಮಗಳನ್ನು ಮಲಗಿಸುತ್ತಾರಂತೆ. ಮಲಗಿದವಳು ಏಳದೇ ಹೋದರೆ? ಈ ಒಂದು ಪ್ರಶ್ನೆಯನ್ನು ಕೇಳುವ ಧೈರ್ಯ ಬಾರದೆ ಅವಳು ಉಳಿದ ಪ್ರಶ್ನೆಗಳನ್ನೆಲ್ಲ ಕೇಳುತ್ತಿದ್ದಳು.

“ಎಷ್ಟು ಸಲ ಅಂತ ಕೇಳ್ತೀರಿ ಡಾಕ್ಟ್ರೇ? ನಮ್ಮ ಮೇಲೆ ಅನುಮಾನಾನಾ?”

“ನಮಗೆ ಎಲ್ಲರ ಮೇಲೂ ಅನುಮಾನವೇ ಅಮ್ಮಾ,” ಡಾಕ್ಟರು ನಕ್ಕರು. “ಹೊಟ್ಟೇಲಿ ಏನಾದ್ರೂ ಇದ್ರೆ ಮಂಪರಿನಲ್ಲಿ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳೀಬಹುದು. ಆಗ ಜೀವಕ್ಕೇ ಕುತ್ತು.” ಮಗಳ ಕಡೆ ತಿರುಗಿದರು. “ನೀನು ಹೇಳಮ್ಮ. ಏನೂ ತಿಂದಿಲ್ವಾ?”

ಮಗಳು ಊದಿದ ಕೆನ್ನೆಗೆ ಕೈ ಕೊಟ್ಟುಕೊಂಡು ಒಮ್ಮೆ ಅಮ್ಮನನ್ನು ನೋಡಿದಳು. “ಇಲ್ಲ,” ಎಂದಳು.

ಡಾಕ್ಟರು ಆ ನೋಟವನ್ನು ಗಮನಿಸಿದರು. ಹಾಕಿಕೊಂಡಿದ್ದ ಕೈಗವಸು ಕಳಚಿದರು. “ಅಮ್ಮಾ, ಒಂದೆರಡು ನಿಮಿಷ ಹೊರಗಿರ್ತೀರಾ?”

“ಯಾಕೆ?”

“ಸುಮ್ಮನೆ.”

‘ಸುಮ್ಮನೆ’ ಎನ್ನುವ ಮಾತನ್ನು ಅಮ್ಮ ಗೇಟಿನಲ್ಲಿ ಒಂದು ದಿನವೂ ನಂಬಿದವಳಲ್ಲ. ಹೊರಗೆ ಬಂದರೂ ಬಾಗಿಲಿನ ಗಾಜಿಗೆ ಕಣ್ಣು ಹಚ್ಚಿಯೇ ನಿಂತಳು. ಒಳಗೆ ಡಾಕ್ಟರು ಸ್ಟೂಲ್ ಎಳೆದುಕೊಂಡು ಕುಳಿತಿದ್ದರು. ಮಗಳ ತುಟಿ ಅಲ್ಲಾಡುತ್ತಿತ್ತು. ಮನೆಯಲ್ಲಿ ಕೇಳಿದ್ದಕ್ಕೆ ಒಂದೊಂದೇ ಮಾತಿನಲ್ಲಿ ಉತ್ತರ ಕೊಡುವ ಹುಡುಗಿ ಯಾರೋ ಹೊರಗಿನವರ ಮುಂದೆ ಇಷ್ಟುದ್ದ ಏನು ಹೇಳುತ್ತಿದ್ದಾಳೆ? ಇವರೇ ಏನಾದರೂ ಹೇಳಿಸುತ್ತಿದ್ದಾರೆಯೇ? ಮಗಳು ಕಣ್ಣೊರೆಸಿಕೊಂಡಾಗ ಅಮ್ಮನ ಕೈ ಬಾಗಿಲ ಹಿಡಿಕೆಗೆ ಹೋಯಿತು. ಅಷ್ಟರಲ್ಲಿ ಡಾಕ್ಟರೇ ಬಾಗಿಲು ತೆರೆದರು.

“ಇವತ್ತು ಬೇಡ. ಇನ್ನೊಂದು ದಿನ ಇಟ್ಕೊಳ್ಳೋಣ. ಹೊರಡೋ ಮುಂಚೆ ನಾಲ್ಕು ಬಿಸ್ಕತ್ತು ತಿಂದಿದಾಳೆ.”

“ಸಾಧ್ಯವೇ ಇಲ್ಲ. ನನ್ನ ಎದುರಿಗೇ ಇಲ್ಲ ಅಂದ್ಲಲ್ಲ?”

“ನಿಮ್ಮ ಎದುರಿಗೆ ಅಂತಲೇ ಇಲ್ಲ ಅಂದಿದ್ದು,” ಎಂದರು ಡಾಕ್ಟರು, ದನಿ ತಗ್ಗಿಸಿ. “ಕೊಟ್ಟವರು ಯಾರು ಅಂತ ಗೊತ್ತಾದ್ರೆ ನೀವು ಅವರನ್ನ ನಿಲ್ಲಿಸಿಕೊಂಡು ವಿಚಾರಣೆ ಮಾಡ್ತೀರಂತೆ. ಆ ಭಯಕ್ಕೆ ಬಾಯಿ ಬಿಟ್ಟಿಲ್ಲ.” ಅಷ್ಟು ಹೇಳಿ ಮುಂದಿನ ಕೋಣೆಗೆ ಹೋದರು.

ಅಮ್ಮನಿಗೆ ಯಾರೆಂದು ಹೊಳೆಯಲು ತಡವಾಗಲಿಲ್ಲ. ಮನೆಯಲ್ಲಿ ಅತ್ತೆಯ ಮಂಚದ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇರುತ್ತದೆ. ಅಡುಗೆಮನೆಯ ಬೀಗ ಅಲ್ಲಿಯವರೆಗೆ ಎಟುಕುವುದಿಲ್ಲ. ಹಸಿದ ಹೊಟ್ಟೆಯಲ್ಲಿ ಮೊಮ್ಮಗಳು ತಲೆ ತಿರುಗಿ ಬಿದ್ದಾಳೆಂದು ಮುದುಕಿ ಪ್ರೀತಿಯಿಂದಲೇ ಕೊಟ್ಟಿರಬೇಕು. ಅಮ್ಮ ಸಿಲಿಂಡರು ನೋಡಿದ್ದಳು, ಬಾಟಲಿ ನೋಡಿದ್ದಳು, ಡಾಕ್ಟರ ಉಗುರು ಕೂಡ ನೋಡಿದ್ದಳು.

ಮಗಳು ಚೀಲ ಹೆಗಲಿಗೇರಿಸಿಕೊಂಡು ಹೊರಬಂದಳು.

“ಜೀವಕ್ಕೆ ಕುತ್ತು ಅಂದ್ರಲ್ಲೇ, ಕೇಳಿಸ್ಲಿಲ್ವಾ?” ಎಂದಳು ಅಮ್ಮ. “ಆಗಲಾದ್ರೂ ಹೇಳೋಕಾಗ್ಲಿಲ್ವಾ?”

“ನೀನು ಹೊರಗೆ ಹೋಗಲಿ ಅಂತ ಕಾಯ್ತಿದ್ದೆ.” ಮಗಳು ನೆಲ ನೋಡುತ್ತ ಹೇಳಿದಳು. “ಅಜ್ಜಿನ ಏನೂ ಕೇಳ್ಬೇಡಮ್ಮ.”

ಅಪ್ಪಿಕೊಳ್ಳಬೇಕೆಂದು ಅಮ್ಮ ಕೈ ಚಾಚಿದಳು. ಆದರೆ ಕೈಗಿಂತ ಮೊದಲು ಬಾಯಿ ಓಡಿತು. ಬಂದದ್ದು ಗೇಟಿನ ದನಿ.

“ಇನ್ನೂ ಏನೇನು ಮುಚ್ಚಿಟ್ಟಿದೀಯ?”

ಮಗಳು ಹೆಗಲಿನಿಂದ ಚೀಲ ಇಳಿಸಿ, ಜಿಪ್ ಎಳೆದು, ಅಮ್ಮನ ಮುಖ ನೋಡದೆ, ಎರಡೂ ಕೈಯಿಂದ ಅದನ್ನು ಅಗಲವಾಗಿ ತೆರೆದು ಹಿಡಿದಳು.